ಕಾನೂನು ಯಾರ ಕೈಯಲ್ಲಿದೆ?

 

ಈ ತಿಂಗಳ ಗೋಡೆ ಪತ್ರಿಕೆಗೆ ಪರಿಸರದ ಬಗ್ಗೆ ಒಂದು ಲೇಖನ ಬರೆದುಕೊಡು ಎಂದು ಸಮಾಜ ವಿಜ್ಞಾನದ ಮೇಷ್ಟ್ರು ಹೇಳಿದರು. ‘ಗಿಡ ನೆಡಿ, ಪರಿಸರ ಉಳಿಸಿ’ ಎಂದು ಹೋದ ವರ್ಷವೂ ಬರೆದಿದ್ದೆ. ಆಗ ನೆಟ್ಟ ಹೊಂಗೆ ಗಿಡದಲ್ಲಿ ಎರಡನ್ನು ಮೇಕೆ ತಿಂದವು. ಹಾಗಾಗಿ ಈ ಸಲ ಗಿಡದ ಬಗ್ಗೆ ಬರೆಯುತ್ತಿಲ್ಲ. ನಮ್ಮ ಮನೆ ಗೋಡೆಯಿಂದ ಶುರುವಾಗಿ ಬೆಂಗಳೂರಿನ ವಿಧಾನಸೌಧದ ತನಕ ಹೋಗುವ ಒಂದು ವಿಷಯವನ್ನು ನನಗೆ ತಿಳಿದಷ್ಟು ವಿವರಿಸುತ್ತೇನೆ. ತಪ್ಪಿದ್ದರೆ ದೊಡ್ಡವರು ತಿದ್ದಬೇಕು.

1. ಗೋಡೆಯ ಬಿರುಕು

ನಾನು ಐದನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಅಜ್ಜಿ ರಾಗಿ ಕೇರುತ್ತಾ ಕೂತಿತ್ತು. ಇದ್ದಕ್ಕಿದ್ದಂತೆ ‘ಧಡ್’ ಅಂತು. ಗೂಡಿನಲ್ಲಿದ್ದ ಲೋಟ ಉರುಳಿ ಬಿತ್ತು. ಅಜ್ಜಿ ಆಕಾಶ ನೋಡಿ, “ಮೋಡಾನೇ ಇಲ್ಲ, ಇದ್ಯಾತರ ಗುಡುಗವ್ವ?” ಅಂತು. ಅದು ಗುಡುಗಲ್ಲ. ನಮ್ಮೂರಿಂದ ಎರಡು ಮೈಲಿ ಆಚೆ ಇದ್ದ ಒಂದು ಕ್ವಾರಿಯಲ್ಲಿ ಬಂಡೆ ಸಿಡಿಸಿದ್ದು. ಆಮೇಲೆ ಅದು ವಾರಕ್ಕೆರಡು ಸಲ ಆಗತೊಡಗಿತು. ನಮ್ಮ ನಡುಮನೆ ಗೋಡೆಯಲ್ಲಿ ಕೂದಲೆಳೆಯಷ್ಟು ಇದ್ದ ಬಿರುಕು ಈಗ ಐದು ರೂಪಾಯಿ ಬಿಲ್ಲೆ ತೂರುವಷ್ಟು ಆಗಿದೆ.

ಹೋದ ವರ್ಷ ನಮ್ಮ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ನಾನು ಎದ್ದು ನಿಂತು ಈ ಬಿರುಕಿನ ವಿಷಯ ಹೇಳಿದೆ. ಕಾಲು ನಡುಗುತ್ತಿತ್ತು. ಅಲ್ಲಿದ್ದ ಅಧಿಕಾರಿಗಳು ಸಮಾಧಾನವಾಗಿ ಕೇಳಿಸಿಕೊಂಡು, “ಗಣಿ ನಮ್ಮ ಕೈಯಲ್ಲಿ ಇಲ್ಲಮ್ಮ” ಎಂದರು. ಶಾಲೆಯ ಶೌಚಾಲಯದ ನೀರಿನ ಬಗ್ಗೆ ಕೇಳಿದವರ ಮಾತು ನಡಾವಳಿ ಪುಸ್ತಕಕ್ಕೆ ಹೋಯಿತು. ನನ್ನದು ಹೋಗಲಿಲ್ಲ.

ಮನೆಗೆ ಬರುವಾಗ ಒಂದೇ ಯೋಚನೆ. ಅವರ ಕೈಯಲ್ಲಿ ಇಲ್ಲ ಅಂದಮೇಲೆ ಇನ್ಯಾರ ಕೈಯಲ್ಲಿ ಇದೆ?

2. ಯಾವುದು ಯಾರ ಕೈಯಲ್ಲಿ?

ಈ ಪ್ರಶ್ನೆಯನ್ನು ಮೇಷ್ಟ್ರನ್ನು ಕೇಳಿದೆ. ಅವರು ಕಪ್ಪುಹಲಗೆಯ ಮೇಲೆ ಮೂರು ಮನೆ ಬರೆದರು. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ. ಸಮವರ್ತಿ ಅಂದರೆ ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದಾದದ್ದು.

* ನೀರು, ಜಮೀನು, ವ್ಯವಸಾಯ ರಾಜ್ಯ ಪಟ್ಟಿಯಲ್ಲಿವೆ.
* ಕಾಡು ಮೊದಲು ರಾಜ್ಯ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿಯಲ್ಲಿ ಅದು ಸಮವರ್ತಿ ಪಟ್ಟಿಗೆ ಬಂತು.
* ವಿದ್ಯುತ್ತು ಸಮವರ್ತಿ ಪಟ್ಟಿಯಲ್ಲಿದೆ.
* ಗಣಿಗೆ ಕೇಂದ್ರದ 1957ರ ಕಾಯ್ದೆ ಇದೆ. ಆದರೆ ಕಟ್ಟಡದ ಕಲ್ಲು, ಜಲ್ಲಿ, ಮರಳು ಇವೆಲ್ಲ ‘ಉಪಖನಿಜ’. ಉಪಖನಿಜಕ್ಕೆ ನಿಯಮ ಮಾಡುವ ಅಧಿಕಾರವನ್ನು ಅದೇ ಕಾಯ್ದೆ ರಾಜ್ಯಕ್ಕೆ ಬಿಟ್ಟುಕೊಟ್ಟಿದೆ. ನಮ್ಮ ರಾಜ್ಯದ ಉಪಖನಿಜ ರಿಯಾಯಿತಿ ನಿಯಮಗಳು 1994ರವು.

ಅಂದರೆ ಕೆ.ಆರ್.ಪೇಟೆ ಕಡೆ ಹೇಮಾವತಿ ಹೊಳೆಯ ಮರಳಾಗಲಿ, ಪಾಂಡವಪುರ ಕಡೆಯ ಬಂಡೆಯಾಗಲಿ, ಹೇಗೆ ತೆಗೀಬೇಕು, ಎಲ್ಲಿ ತೆಗೀಬಾರದು ಎನ್ನುವುದು ಬಹುಮಟ್ಟಿಗೆ ಬೆಂಗಳೂರಿನಲ್ಲಿ ತೀರ್ಮಾನವಾಗುತ್ತದೆ. ದೆಹಲಿ ದೂರ ಇರಬಹುದು. ಬೆಂಗಳೂರು ಅಷ್ಟು ದೂರವಲ್ಲ. ನಮ್ಮೂರ ಎಳನೀರು, ಬೆಲ್ಲ ಹೋಗುವ ಊರಿಗೆ ನಮ್ಮ ಮಾತು ಯಾಕೆ ಹೋಗಬಾರದು?

3. ಒಬ್ಬರು ಕೇಳಿದ್ದರಿಂದ ಉಳಿದ ರಂಗನತಿಟ್ಟು

ಕೇಳಿದರೆ ಆಗುತ್ತದೆಯೇ ಎಂದು ನೀವು ಕೇಳಬಹುದು. ನಮ್ಮ ಪಕ್ಕದ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೇ ಉದಾಹರಣೆ ಇದೆ.

17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿದರು. ಅದರಿಂದ ನದಿಯೊಳಗೆ ತಿಟ್ಟುಗಳು ಉಂಟಾದವು. ತಿಟ್ಟಿನ ಮೇಲೆ ಮರ ಬೆಳೆದವು, ಮರದ ಮೇಲೆ ಹಕ್ಕಿ ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿಯವರು ಬಂದು ನೋಡಿ, ಈ ಜಾಗವನ್ನು ರಕ್ಷಿಸಬೇಕೆಂದು ಮೈಸೂರು ಮಹಾರಾಜರ ಮನವೊಲಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು. ಆ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ಜಾಗ ನಮ್ಮ ರಂಗನತಿಟ್ಟು.

ಆಗ ಕೇಳಬೇಕಾದವರು ಒಬ್ಬರೇ, ಮಹಾರಾಜರು. ಈಗ ಮಹಾರಾಜರಿಲ್ಲ. ವಿಧಾನಸಭೆಯಲ್ಲಿ 224 ಜನ, ವಿಧಾನ ಪರಿಷತ್ತಿನಲ್ಲಿ 75 ಜನ ಇದ್ದಾರೆ. ಕೇಳಬೇಕಾದವರು ಜಾಸ್ತಿ ಆದಮೇಲೆ ಕೇಳುವವರೂ ಜಾಸ್ತಿ ಆಗಬೇಕು. ನನ್ನ ಲೆಕ್ಕ ಇಷ್ಟೇ.

ಇನ್ನೊಂದು ಉದಾಹರಣೆ ಉತ್ತರ ಕರ್ನಾಟಕದ್ದು. 1984ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ಮುಂತಾದ ಮರ ಬೆಳೆಸಲೆಂದು ಸುಮಾರು 30,000 ಹೆಕ್ಟೇರ್ ಜಮೀನನ್ನು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಡಲು ಹೊರಟಿತು. ಅದು ದನ ಮೇಯುವ, ಸೌದೆ ಆಯುವ ಜಾಗ. 1987ರ ನವೆಂಬರ್ 14ರಂದು ಹಾವೇರಿ ಭಾಗದ ಕುಸನೂರಿನಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಚಳವಳಿ ಮಾಡಿದರು. ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟರು. ಸುಪ್ರೀಂ ಕೋರ್ಟಿಗೂ ಹೋದರು. ಕೊನೆಗೆ 1991ರಲ್ಲಿ ಸರ್ಕಾರವೇ ಆ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

4. ಕನ್ನಂಬಾಡಿ ಕಟ್ಟೆ ಮತ್ತು ಮೆಗ್ಗರ್ ಬ್ಲಾಸ್ಟು

ಈಗ ನಮ್ಮ ವಿಷಯಕ್ಕೆ ಬರೋಣ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ನಮಗೆಲ್ಲ ಗೊತ್ತು. ಕಟ್ಟೆಯನ್ನು ಕಲ್ಲು ಮತ್ತು ಸುರ್ಕಿ ಗಾರೆಯಿಂದ ಕಟ್ಟಿದ್ದಾರೆ. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಅದಕ್ಕೆ ಸುಣ್ಣ ಸೇರಿಸುತ್ತಾರೆ. ನೀರಿನ ಗರಿಷ್ಠ ಮಟ್ಟ 124.80 ಅಡಿ. ತುಂಬಿದಾಗ 49.45 ಟಿಎಂಸಿ ನೀರು ನಿಲ್ಲುತ್ತದೆ. ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳು, ಮೈಸೂರು ಬೆಂಗಳೂರಿನ ನಲ್ಲಿಗಳು ಎಲ್ಲ ಈ ನೀರನ್ನೇ ನಂಬಿವೆ.

ಈ ಕಟ್ಟೆಗೆ ಸುಮಾರು 10 ಕಿ.ಮೀ. ದೂರದಲ್ಲಿ ನಮ್ಮ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟ ಇದೆ. ದನಗಳ ಜಾತ್ರೆಗೆ ನಾವೆಲ್ಲ ಹೋಗಿರುವ ಬೆಟ್ಟವೇ. ಅಲ್ಲಿ ಬಹಳ ವರ್ಷ ಕಲ್ಲು ಗಣಿಗಾರಿಕೆ ನಡೆಯಿತು. ಮೊದಲು ಕೈಯಲ್ಲಿ ಚಮಟಿಗೆ ಹಿಡಿದು ಒಡೆಯುತ್ತಿದ್ದರಂತೆ. ಆಮೇಲೆ ಆಳವಾದ ಕುಳಿ ಕೊರೆದು ಸಿಡಿಮದ್ದು ತುಂಬಿ ಒಂದೇ ಸಲ ಸಿಡಿಸುವುದು ಬಂತು. ಇದನ್ನೇ ನಮ್ಮ ಕಡೆ ‘ಮೆಗ್ಗರ್ ಬ್ಲಾಸ್ಟ್’ ಅನ್ನುತ್ತಾರೆ.

ಸಿಡಿಸಿದಾಗ ಏನಾಗುತ್ತದೆ? ಕೆರೆಗೆ ಕಲ್ಲು ಹಾಕಿದರೆ ಅಲೆ ಸುತ್ತ ಹರಡುತ್ತದೆ ಅಲ್ಲವೇ? ಹಾಗೆಯೇ ನೆಲದೊಳಗೆ ಕಂಪನದ ಅಲೆ ಹರಡುತ್ತದೆ. ದೂರ ಹೋದಂತೆ ಅಲೆ ಸಣ್ಣದಾಗುತ್ತದೆ. ಎಷ್ಟು ಮದ್ದು ಒಂದೇ ಕ್ಷಣದಲ್ಲಿ ಸಿಡಿಯಿತು, ಮಧ್ಯೆ ಎಂಥಾ ಬಂಡೆ ಇದೆ, ದೂರ ಎಷ್ಟು ಎಂಬ ಮೂರರ ಮೇಲೆ ಅದರ ಜೋರು ನಿಂತಿದೆ. ಹತ್ತು ಕುಳಿಯನ್ನು ಒಟ್ಟಿಗೆ ಸಿಡಿಸುವ ಬದಲು ಒಂದರ ಹಿಂದೆ ಒಂದು, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಅಂತರ ಬಿಟ್ಟು ಸಿಡಿಸಿದರೂ ಕಂಪನ ಎಷ್ಟೋ ಕಡಿಮೆ ಆಗುತ್ತದೆ.

ನಡೆದದ್ದನ್ನು ಇಸವಿ ಪ್ರಕಾರ ಬರೆಯುತ್ತೇನೆ.

2018: ಸೆಪ್ಟೆಂಬರ್ ತಿಂಗಳಲ್ಲಿ ಕೆಆರ್‌ಎಸ್‌ನಲ್ಲಿರುವ ಕಂಪನ ಅಳೆಯುವ ಯಂತ್ರದಲ್ಲಿ ಸ್ಫೋಟದ ಅಲೆಗಳು ದಾಖಲಾದವು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಕಟ್ಟೆಯ ಸುತ್ತ ಗಣಿ ಸ್ಫೋಟ ನಿಲ್ಲಿಸುವುದು ಒಳ್ಳೆಯದೆಂದು ವರದಿ ಕೊಟ್ಟಿತು.

2021: ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆ ತಂದಿದ್ದ ಸಿಡಿಮದ್ದು ಸಿಡಿದು ಜನ ಸತ್ತರು. ಇಡೀ ರಾಜ್ಯ ಕ್ವಾರಿಗಳ ಕಡೆ ನೋಡುವಂತಾಯಿತು. ಅದೇ ವರ್ಷ ಕೆಆರ್‌ಎಸ್ ಸುತ್ತಲಿನ ಗಣಿಗಾರಿಕೆ ರಾಜಕೀಯದಲ್ಲೂ ದೊಡ್ಡ ಗಲಾಟೆಯಾಯಿತು.

2022: ಜುಲೈನಲ್ಲಿ ಬೇಬಿ ಬೆಟ್ಟದಲ್ಲಿ ಪರೀಕ್ಷೆಗಾಗಿ ಸ್ಫೋಟ ಮಾಡಿ ನೋಡಲು ಹೊರ ರಾಜ್ಯದಿಂದ ವಿಜ್ಞಾನಿಗಳು ಬಂದರು. ಕಟ್ಟೆ ಪಕ್ಕ ಪರೀಕ್ಷೆಯೂ ಬೇಡ ಎಂದು ರೈತರು ಪ್ರತಿಭಟಿಸಿದರು. ಪರೀಕ್ಷೆ ನಿಂತಿತು.

2024: ಜನವರಿ 8ರಂದು ಕರ್ನಾಟಕ ಹೈಕೋರ್ಟು ಕೆಆರ್‌ಎಸ್ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಎಲ್ಲ ರೀತಿಯ ಗಣಿಗಾರಿಕೆಯನ್ನು ನಿಷೇಧಿಸಿ ಆದೇಶ ಕೊಟ್ಟಿತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಅಧ್ಯಯನ ಮುಗಿಯುವ ತನಕ ಇದು ಇರಬೇಕೆಂದು ಹೇಳಿತು. ಆಗ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪ್ರಸನ್ನ ಬಿ. ವರಾಳೆ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಅದು.

ಗಣಿತದ ಪೀರಿಯಡ್ಡಿನಲ್ಲಿ ನಾನು ಒಂದು ಲೆಕ್ಕ ಮಾಡಿದೆ. 20 ಕಿ.ಮೀ. ತ್ರಿಜ್ಯದ ವೃತ್ತದ ವಿಸ್ತೀರ್ಣ 3.14 × 20 × 20 = 1,256 ಚದರ ಕಿ.ಮೀ. ಭೂಪಟದ ಮೇಲೆ ಕೈವಾರದಲ್ಲಿ ವೃತ್ತ ಎಳೆದೆ. ಶ್ರೀರಂಗಪಟ್ಟಣ ಒಳಗೆ ಬಂತು, ಪಾಂಡವಪುರ ಒಳಗೆ ಬಂತು, ಮೈಸೂರೂ ಬಂತು. ಕೆ.ಆರ್.ಪೇಟೆ ಪಟ್ಟಣ ಹೊರಗೆ ಉಳಿಯಿತು. ಮೇಲುಕೋಟೆ ಹೊರಗೆ. ನಾಗಮಂಗಲ ಪಟ್ಟಣವಂತೂ ಬಹಳ ದೂರ.

ಇಲ್ಲೇ ನನಗೆ ಒಂದು ವಿಷಯ ಹೊಳೆಯಿತು. ಕೋರ್ಟಿನ ಆದೇಶ ಬಂದದ್ದು ಕಟ್ಟೆಯ ಸಲುವಾಗಿ. ಅದು ಒಂದು ವೃತ್ತವನ್ನು ಕಾಯುತ್ತದೆ. ಅಣೆಕಟ್ಟಿಲ್ಲದ ಊರಿನಲ್ಲೂ ಮನೆಗಳಿವೆ, ಅಲ್ಲೂ ಅಜ್ಜಿಯರಿದ್ದಾರೆ. ವೃತ್ತದ ಹೊರಗೆ ಇರುವ ಊರಿನ ಗೋಡೆ ಕಾಯುವುದು ರಾಜ್ಯದ ಕಾನೂನು, ನಿಯಮಗಳೇ. ಆದ್ದರಿಂದ ಕೋರ್ಟು ಹೇಳಿತಲ್ಲ, ಮುಗೀತು ಎಂದು ನಾವು ಸುಮ್ಮನೆ ಕೂರುವ ಹಾಗಿಲ್ಲ.

5. ಮಾವ ಕೇಳಿದ ಪ್ರಶ್ನೆ

ಇದನ್ನೆಲ್ಲ ನಾನು ಹುರುಪಿನಿಂದ ಮನೆಯಲ್ಲಿ ಹೇಳುತ್ತಿದ್ದಾಗ ನನ್ನ ಸೋದರಮಾವ ಮಾತಾಡದೆ ಕೂತಿದ್ದರು. ಅವರು ಹನ್ನೊಂದು ವರ್ಷ ಕ್ವಾರಿಯಲ್ಲಿ ಕುಳಿ ಹೊಡೆಯುವ ಕೆಲಸ ಮಾಡಿದವರು. ಕ್ವಾರಿ ನಿಂತಮೇಲೆ ಮೈಸೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ಆರಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಬರುತ್ತಾರೆ. ವಾರದಲ್ಲಿ ಎರಡು ದಿನ ಕೆಲಸ ಸಿಗದೆ ವಾಪಸ್ ಬರುತ್ತಾರೆ.

ಅವರು ನಿಧಾನವಾಗಿ ಕೇಳಿದರು: “ಕಾನೂನು ಬಂದ್ರೆ ನಿಮ್ಮ ಗೋಡೆ ಉಳೀತದೆ ಕಣವ್ವ, ಸರಿ. ನಮ್ಮನೆ ಒಲೆ ಉರಿಯೋದು ಎಂಗೆ? ಅದನ್ನ ನಿನ್ ಲೇಖನದಲ್ಲಿ ಬರ್ದಿದ್ದೀಯಾ?”

ನಾನು ಬರೆದಿರಲಿಲ್ಲ. ನಿಜ ಹೇಳುತ್ತೇನೆ, ನಾಚಿಕೆಯಾಯಿತು. ನಾನು ಹೈಸ್ಕೂಲಿಗೆ ಸೇರಿದಾಗ ಬ್ಯಾಗು, ಬೂಟು ಕೊಡಿಸಿದ್ದು ಅದೇ ಕ್ವಾರಿ ಸಂಬಳದಲ್ಲಿ ಮಾವನೇ. ಕಲ್ಲು ಪುಡಿಯ ಧೂಳು ಕುಡಿದು ಅವರಿಗೆ ರಾತ್ರಿ ಕೆಮ್ಮು ಬರುವುದನ್ನೂ ನಾನೇ ಕೇಳಿಸಿಕೊಂಡಿದ್ದೇನೆ. ವರ್ಷಗಟ್ಟಲೆ ಕಲ್ಲಿನ ಧೂಳು ಒಳಗೆ ಹೋದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಬಂದರೆ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಅಂದರೆ ಕ್ವಾರಿ ನಡೆದರೂ ನಷ್ಟ ಮಾವನಿಗೆ, ನಿಂತರೂ ನಷ್ಟ ಮಾವನಿಗೆ.

ಮೇಷ್ಟ್ರನ್ನು ಕೇಳಿದಾಗ ಒಂದು ದಾರಿ ಹೇಳಿದರು. ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ ಗಣಿಗಾರಿಕೆ ಇರುವ ಜಿಲ್ಲೆಗಳಲ್ಲಿ ‘ಜಿಲ್ಲಾ ಖನಿಜ ಪ್ರತಿಷ್ಠಾನ’ ಇರಬೇಕು. ಗಣಿಯಿಂದ ತೊಂದರೆಯಾದ ಜನರಿಗೆ, ಜಾಗಕ್ಕೆ ಆ ಹಣ ಬಳಸಬೇಕು. ಉಪಖನಿಜದವರು ಎಷ್ಟು ಕಟ್ಟಬೇಕೆಂದು ರಾಜ್ಯವೇ ನಿಯಮ ಮಾಡಬಹುದು. ಹಾಗಾದರೆ ಕೆಲಸ ಕಳೆದುಕೊಂಡ ಕೂಲಿಗಾರರಿಗೆ ಬೇರೆ ಕಸುಬು ಕಲಿಸುವುದು, ಅವರ ಎದೆಯ ತಪಾಸಣೆ ಮಾಡಿಸುವುದು ಇದರಲ್ಲಿ ಮೊದಲು ಬರಬೇಕು ಎಂದು ನಾವು ಕೇಳಬಹುದು. ಬೆಟ್ಟ ಉಳಿಸಿ ಮಾವನನ್ನು ಬಿಡುವ ಕಾನೂನು ಅರ್ಧ ಕಾನೂನು ಎಂದು ನನಗೆ ಈಗ ಅನ್ನಿಸುತ್ತದೆ.

6. ಕರೆಂಟಿನದೂ ಇದೇ ಕಥೆ

ನಾಗಮಂಗಲ ತಾಲ್ಲೂಕಿನಲ್ಲಿ ನನ್ನ ದೊಡ್ಡಮ್ಮನ ಮನೆ. ಅಲ್ಲಿ ನಾಲೆ ನೀರು ಕಡಿಮೆ, ಕೊಳವೆಬಾವಿಯೇ ಗತಿ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಕೊಟ್ಟರೆ ದೊಡ್ಡಪ್ಪ ರಾತ್ರಿಯೇ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕು. ಹಾವಿನ ಭಯ, ಚಿರತೆ ಭಯ. ದೊಡ್ಡಮ್ಮ ಅವರು ವಾಪಸ್ ಬರುವ ತನಕ ಮಲಗುವುದಿಲ್ಲ.

ನಮ್ಮ ಮಂಡ್ಯ ಜಿಲ್ಲೆ ವಿದ್ಯುತ್ತಿನಲ್ಲಿ ಹಿಂದುಳಿದದ್ದಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ನೀರಿನಿಂದ ವಿದ್ಯುತ್ ತೆಗೆದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಹೊಗೆಯಿಲ್ಲದ ಕರೆಂಟು ನಮಗೆ ಹೊಸದಲ್ಲ. ಈಗ ಅದಕ್ಕೆ ಬಿಸಿಲು ಸೇರಿದೆ. ತುಮಕೂರು ಜಿಲ್ಲೆ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಸ್ಥಾವರ ಮಾಡಿದ್ದಾರೆ. ಬಿಸಿಲಿನ ಕರೆಂಟು ಹಗಲು ಹುಟ್ಟುತ್ತದೆ. ಪಂಪ್‌ಸೆಟ್ಟಿಗೆ ಅದನ್ನು ಹಗಲೇ ಕೊಟ್ಟರೆ ಕಲ್ಲಿದ್ದಲು ಉಳಿಯುತ್ತದೆ, ದೊಡ್ಡಪ್ಪನ ನಿದ್ದೆಯೂ ಉಳಿಯುತ್ತದೆ.

ಆದರೆ ಒಂದು ಎಚ್ಚರಿಕೆ. ಹಗಲೆಲ್ಲ ಮೋಟರು ಓಡಿಸಿದರೆ ಅಂತರ್ಜಲ ಬತ್ತುತ್ತದೆ. ಅದಕ್ಕೆ ರಾಜ್ಯದ 2011ರ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕೊಳವೆಬಾವಿ ಕೊರೆಸುವಂತಿಲ್ಲ. ಒಂದು ಕಾನೂನು ಇನ್ನೊಂದರ ಕೈ ಹಿಡಿಯಬೇಕು. ಎತ್ತು ಏರಿಗೆ, ಕೋಣ ನೀರಿಗೆ ಎಂದಾದರೆ ಗಾಡಿ ಮುಂದೆ ಹೋಗುವುದಿಲ್ಲ.

7. ಕೇಳುವುದು ಹೇಗೆ?

ಕಾನೂನು ಹುಟ್ಟುವ ದಾರಿ ಹೀಗಿದೆ. ಮೊದಲು ಮಸೂದೆ. ಅದು ವಿಧಾನಸಭೆಯಲ್ಲಿ, ವಿಧಾನ ಪರಿಷತ್ತಿನಲ್ಲಿ ಚರ್ಚೆಯಾಗಿ ಒಪ್ಪಿಗೆ ಪಡೆಯಬೇಕು. ರಾಜ್ಯಪಾಲರು ಅಂಕಿತ ಹಾಕಬೇಕು. ರಾಜ್ಯಪತ್ರದಲ್ಲಿ ಅಚ್ಚಾಗಬೇಕು. ಆಮೇಲೆ ಇಲಾಖೆಯವರು ನಿಯಮ ಮಾಡುತ್ತಾರೆ. ಈ ದಾರಿಯಲ್ಲಿ ನಮ್ಮಂಥವರು ನಿಂತು ಮಾತಾಡಬಹುದಾದ ಜಾಗಗಳಿವೆ.

ಒಂದು, ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆ ಅದಕ್ಕೆ ಸ್ಥಾನ ಕೊಟ್ಟಿದೆ. ಪಂಚಾಯ್ತಿ ತಾನೇ ಗಣಿ ಕಾನೂನು ಮಾಡಲಾರದು. ಆದರೆ ಠರಾವು ಬರೆದು ಮೇಲಕ್ಕೆ ಕಳಿಸಬಹುದು. ಆದ್ದರಿಂದ ನಮ್ಮ ಮಾತು ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಎದ್ದು ಬರಬಾರದು. ಇದು ನಾನು ಹೋದ ವರ್ಷ ಮಾಡಿದ ತಪ್ಪು.

ಎರಡು, ಮಾಹಿತಿ ಹಕ್ಕು. 2005ರ ಕಾಯ್ದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕ್ವಾರಿಗೆ ಯಾವ ಷರತ್ತು ಹಾಕಿ ಅನುಮತಿ ಕೊಟ್ಟಿದ್ದಾರೆ ಎಂದು ಕೇಳಬಹುದು.

ಮೂರು, ಕರಡು ನಿಯಮಕ್ಕೆ ಆಕ್ಷೇಪಣೆ. ನಿಯಮ ಬದಲಾಯಿಸುವ ಮೊದಲು ಎಷ್ಟೋ ಸಲ ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಆಗ ಬರೆಯಬೇಕು. ವಿದ್ಯುತ್ ದರ ಏರಿಸುವ ಮೊದಲೂ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ರೈತರೂ ಹೋಗಿ ಮಾತಾಡಬಹುದು.

ನಾಲ್ಕು, ಶಾಸಕರು. ನಮ್ಮ ನಾಲ್ಕು ತಾಲ್ಲೂಕಿಗೆ ಶ್ರೀರಂಗಪಟ್ಟಣ, ಮೇಲುಕೋಟೆ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ಕ್ಷೇತ್ರಗಳಿವೆ. ಪಾಂಡವಪುರದವರಾದ ನಮ್ಮ ಕ್ಷೇತ್ರದ ಹೆಸರು ಮೇಲುಕೋಟೆ. ವಿಧಾನಸಭೆಯಲ್ಲಿ ಅರ್ಜಿಗಳ ಸಮಿತಿ ಎಂಬುದು ಇದೆ. ಶಾಸಕರ ಮೂಲಕ ಜನರ ಅರ್ಜಿ ಅಲ್ಲಿಗೆ ಹೋಗಬಹುದು.

ಐದು, ಕೋರ್ಟು. ಇದು ಕೊನೆಯ ಬಾಗಿಲು. ಖರ್ಚೂ ಹೆಚ್ಚು, ಕಾಯುವುದೂ ಹೆಚ್ಚು.

ನಿಮಗೆ ಗೊತ್ತೇ? ಪರಿಸರವನ್ನು ರಕ್ಷಿಸುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ರಾಜ್ಯವೂ ರಕ್ಷಿಸಬೇಕೆಂದು 48ಎ ವಿಧಿ ಹೇಳುತ್ತದೆ. ಕರ್ತವ್ಯ ನಮ್ಮದೂ ಹೌದು ಅಂದಮೇಲೆ ಕೇಳುವ ಹಕ್ಕೂ ನಮ್ಮದೇ.

8. ಕೊನೆಯ ಮಾತು

ಈ ಲೇಖನದ ಕೆಳಗೆ ಒಂದು ಬಿಳಿ ಹಾಳೆ ಅಂಟಿಸಿದ್ದೇನೆ. ಅದರಲ್ಲಿ ನಮ್ಮ ಶಾಸಕರಿಗೆ ಬರೆದ ಅರ್ಜಿಯ ಕರಡು ಇದೆ. ಮೂರೇ ಬೇಡಿಕೆ. ರಾಜ್ಯದ ಯಾವ ಊರಿನ ಪಕ್ಕವೇ ಆಗಲಿ, ಬಂಡೆ ಸಿಡಿಸುವ ಮೊದಲು ಮನೆಗಳನ್ನು ನೋಡಿ ಬಿರುಕು ಬರೆದುಕೊಳ್ಳಬೇಕು, ಕಂಪನ ಅಳೆದ ಲೆಕ್ಕವನ್ನು ಪಂಚಾಯ್ತಿ ಗೋಡೆಗೆ ಅಂಟಿಸಬೇಕು. ಕ್ವಾರಿ ನಿಂತರೆ ಕೂಲಿಗಾರರಿಗೆ ಬೇರೆ ಕೆಲಸ, ಎದೆ ತಪಾಸಣೆ ಆಗಬೇಕು. ಪಂಪ್‌ಸೆಟ್ಟಿಗೆ ಹಗಲು ಕರೆಂಟು ಕೊಡಬೇಕು.

ಎರಡನೇ ಬೇಡಿಕೆಯ ಸಾಲನ್ನು ಮಾವನೇ ಹೇಳಿ ಬರೆಸಿದರು. ಬರೆದಾದ ಮೇಲೆ ಎರಡು ಸಲ ಓದಿಸಿ ಕೇಳಿದರು. ಆಮೇಲೆ ಪೆನ್ನು ಇಸಕೊಂಡು ಮೊದಲ ಸಹಿ ಅವರೇ ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತಿತು.

ಅರ್ಜಿ ಕೊಟ್ಟ ತಕ್ಷಣ ಕಾನೂನು ಬಂದುಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂದು ನಾವೇ ಗಾದೆ ಬಾಯಿಪಾಠ ಮಾಡಿದ್ದೇವೆ. ಈ ಸಲದ ಮಕ್ಕಳ ಗ್ರಾಮಸಭೆಗೆ ಹಾಳೆ ತೆಗೆದುಕೊಂಡು ಹೋಗುತ್ತೇನೆ. ನಡಾವಳಿ ಪುಸ್ತಕ ತರಿಸಿ, ಬರೆದದ್ದನ್ನು ಓದಿಸಿಕೊಂಡೇ ಬರುತ್ತೇನೆ. ನನ್ನ ಜೊತೆ ಯಾರ್ ಯಾರು ಬರ್ತೀರಿ? ಬರುವವರು ಹಾಳೆಯಲ್ಲಿ ಹೆಸರು, ತರಗತಿ ಬರೆಯಿರಿ. ದಯವಿಟ್ಟು ಪೆನ್ಸಿಲ್ಲಿನಲ್ಲಿ ಬೇಡ, ಪೆನ್ನಿನಲ್ಲಿ ಬರೆಯಿರಿ.



– ಒಂಬತ್ತನೇ ತರಗತಿ, ‘ಬಿ’ ವಿಭಾಗದ ವಿದ್ಯಾರ್ಥಿನಿ